ಚಿಕ್ಕಪ್ಪನ ಕಣ್ಣಳತೆ

ಲಾರಿ ತೂಗುವ ಕಟ್ಟೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚೀಟಿ ಎಂದು ಎಲ್ಲರೂ ಕರೆಯುವ ಹುಡುಗ ಪ್ರತಿ ಲಾರಿಗೂ ಉಸಿರು ಬಿಗಿಹಿಡಿಯುತ್ತಿದ್ದ. ತಪ್ಪು ಪೂರ್ತಿ ಅವನದೇ ಎನ್ನುವಂತಿಲ್ಲ. ಲಾರಿ ಹತ್ತಿ ನಿಲ್ಲುವ ಅಗಲವಾದ ಕಬ್ಬಿಣದ ಹಲಗೆಯ ಪಕ್ಕದಲ್ಲಿ, ಕ್ಯಾಬಿನ್ನಿನ ಗೋಡೆಯ ಮೇಲೆ, ಯಾರೋ ಕೆಂಪು ಬಣ್ಣದಲ್ಲಿ ಬರೆಸಿದ್ದರು: ತೂಕ ಆಗುವಾಗ ಯಾರೂ ಅಲುಗಾಡಬಾರದು. ಹಲಗೆಯ ಮೇಲೆ ನಿಂತವರಿಗೆ ಹೇಳಿದ ಮಾತು ಅದು. ಕ್ಯಾಬಿನ್ನಿನೊಳಗೆ ಕುರ್ಚಿಯಲ್ಲಿ ಕೂತ ತನ್ನನ್ನೂ ಸೇರಿಸಿಯೇ ಹೇಳಿದ್ದಾರೆಂದು ಚೀಟಿ ನಂಬಿದ. ಮುಂದಿನ ಚಕ್ರ ಹಲಗೆಗೆ ತಾಗಿದ್ದೇ ತಡ, ಕಲ್ಲಾಗುತ್ತಿದ್ದ. ಮೂಗಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ತನ್ನ ಒಂದು ಉಸಿರಿನಿಂದ ಯಾರದೋ ಮರಳಿನ ಲೋಡು ಹೆಚ್ಚುಕಡಿಮೆಯಾಗಿ, ಕೋರ್ಟು ಕಚೇರಿ ಅಲೆಯಬೇಕಾದೀತು ಎಂಬ ಹೆದರಿಕೆ ಅವನಿಗೆ. ವಾರವೆಲ್ಲ ಹೀಗೇ ನಡೆಯಿತು. ಒಂದು ದಿನ ಲಾರಿಗಳು ಸಾಲುಗಟ್ಟಿ, ಇವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು ಪಕ್ಕದಲ್ಲಿ ಕೂತು ತೂಕ ಮಾಡುವ ಚಿಕ್ಕಪ್ಪನ ಕಣ್ಣಿಗೆ ಬಿತ್ತು.

"ಏನೋ, ನಿನಗೆ ಉಬ್ಬಸ ಇದೆ ಅಂತ ಮನೇಲಿ ಯಾರೂ ಹೇಳೇ ಇಲ್ಲವಲ್ಲ?" ಎಂದರು.

ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಅದೇ ದೊಡ್ಡ ಅವಮಾನವಾಯಿತು. ಉಸಿರಾಡಪ್ಪ, ಅದನ್ನ ನಾವು ಲೆಕ್ಕಕ್ಕೆ ಹಿಡಿಯೋದಿಲ್ಲ ಎಂದು ಸಮಾಧಾನ ಹೇಳಿ ಮುಂದಿನ ಲಾರಿಗೆ ಕೈಬೀಸಿದರು. ಸಂಜೆಯ ಹೊತ್ತಿಗೆ ಕತೆ ಗೋದಾಮಿನ ಹಮಾಲರಿಂದ ಹಿಡಿದು ಟೈರಿನ ಅಂಗಡಿಯವರೆಗೆ ಹಬ್ಬಿತ್ತು. ಲಾರಿಯವರು ಹಲಗೆಯ ಮೇಲಿಂದಲೇ ಕೂಗಿ, ಉಸಿರು ಬಿಡಬಹುದಾ ಸ್ವಾಮಿ ಎಂದು ಅವನ ಅಪ್ಪಣೆ ಕೇಳತೊಡಗಿದರು.

ಯಂತ್ರದಿಂದ ಹೊರಬರುವ ತೂಕದ ಚೀಟಿಯನ್ನು ಹರಿದು ಡ್ರೈವರನ ಕೈಗೆ ಕೊಡುವುದು ಅವನ ಉದ್ಯೋಗ. ಇದಕ್ಕಾಗಿ ಡಿಗ್ರಿ ಓದಿದ್ದ. ಇಷ್ಟು ನಾಜೂಕಾಗಿ ಹರಿಯಲು ಓದು ಬೇಕೇ ಬೇಕು ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದುದರಿಂದ, ಬೇರೆಯವರಿಗೆ ಹೇಳಿ ನಗಲು ಏನೂ ಉಳಿದಿರಲಿಲ್ಲ. ಚೀಟಿ ಎಂಬ ಹೆಸರು ಹೇಗೆ ಅಂಟಿತೋ ಹಾಗೇ ಒಣಗಿ ಗಟ್ಟಿಯಾಯಿತು. ಕೆಲಸ ಕೊಡಿಸಿದವರು ಚಿಕ್ಕಪ್ಪ. ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಮಲಗುವುದು, ಕೆಳಗೆ ಅವರದೇ ಮೇಜಿಗೆ ಕೂತು ಉಣ್ಣುವುದು. ಹಾಗಾಗಿ ಅವರ ಬಗ್ಗೆ ಕೆಟ್ಟದಾಗಿ ಮಾತಾಡುವ ಹಕ್ಕು ಅವನಿಗೆ ಊಟಕ್ಕೂ ಊಟಕ್ಕೂ ನಡುವೆ ಮಾತ್ರ ಇತ್ತು.

ಚಿಕ್ಕಪ್ಪ ಸೂಜಿಯಂಥ ಮನುಷ್ಯ. ಲೋಕದ ಭಾರವನ್ನೆಲ್ಲ ಅಳೆದು ಅಳೆದು ತಾವೇ ಸವೆದುಹೋದವರಂತೆ ಕಾಣುತ್ತಿದ್ದರು. ಒಂದೇ ಕುರ್ಚಿಯಲ್ಲಿ, ಒಂದೇ ಕಿಟಕಿಯ ಹಿಂದೆ, ಅರ್ಧ ಆಯುಷ್ಯ ಕೂತಿದ್ದರು. ಕಿಟಕಿಯ ಗಾಜಿನಲ್ಲಿ ಅವರ ಮೊಣಕೈ ತಾಗುವ ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಸಿಮೆಂಟು, ಜಲ್ಲಿ, ಗುಜರಿ ಕಬ್ಬಿಣ, ಹತ್ತಿಯ ಮೂಟೆ, ಏನೇ ಬರಲಿ, ಯಂತ್ರ ಹೇಳುವ ಮೊದಲೇ ಅವರ ತುಟಿಯಲ್ಲಿ ಅಂಕಿ ಸಿದ್ಧ. ಲಾರಿ ತಿರುವಿನಲ್ಲಿ ಎಷ್ಟು ಬಾಗಿತು, ಟೈರು ಎಷ್ಟು ಹಿಗ್ಗಿತು, ಡ್ರೈವರ್ ಎಷ್ಟು ಮೆಲ್ಲಗೆ ಬ್ರೇಕು ಹಿಡಿದ ಎಂಬುದರಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ಡ್ರೈವರುಗಳು ಟೀ ಪಣ ಕಟ್ಟಿ ಸೋಲುತ್ತಿದ್ದರು. ಒಂದು ಸಲ ಯಂತ್ರವೇ ಬೇರೆ ಅಂಕಿ ತೋರಿಸಿದಾಗ ಚಿಕ್ಕಪ್ಪ ಯಂತ್ರದವನಿಗೆ ಫೋನು ಮಾಡಿ, ಬಂದು ನೋಡಪ್ಪ, ಪಾಪ, ಇದಕ್ಕೆ ಹುಷಾರಿಲ್ಲ ಎಂದರು. ಅವತ್ತು ಅದಕ್ಕೆ ನಿಜವಾಗಿಯೂ ಹುಷಾರಿರಲಿಲ್ಲ.

ಆ ಕಣ್ಣು ಕ್ಯಾಬಿನ್ನಿಗೆ ಬೀಗ ಹಾಕಿದ ಮೇಲೂ ಮುಚ್ಚುತ್ತಿರಲಿಲ್ಲ ಎನ್ನುವುದೇ ಈ ಕತೆ.

ಮನೆಯ ಬಾಗಿಲಲ್ಲಿ ಯಾರೇ ಕಾಣಿಸಿಕೊಳ್ಳಲಿ, ಚಿಕ್ಕಪ್ಪ ಚಪ್ಪಲಿಯಿಂದ ಶುರುಮಾಡಿ ತಲೆಯವರೆಗೆ ಒಮ್ಮೆ ನೋಡಿ ತೀರ್ಪು ಕೊಡುತ್ತಿದ್ದರು. ಬೇರೆಯವರು ಬನ್ನಿ, ಕೂತ್ಕೊಳ್ಳಿ ಎನ್ನುವ ಕಡೆ ಇವರು ಬಂದವರ ತೂಕದ ಅಂಕಿ ಹೇಳುತ್ತಿದ್ದರು. ಹೋದ ಸಲಕ್ಕಿಂತ ಏರಿದ್ದರೆ 'ಲೋಡು', ಇಳಿದಿದ್ದರೆ 'ಖಾಲಿ'. ದೊಡ್ಡವರು ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದು ನಗುತ್ತಿದ್ದರು. ಮಕ್ಕಳಿಗಂತೂ ಅದು ಜಾದೂ. ಬಚ್ಚಲಿನ ಪಕ್ಕ ಒಂದು ಸಣ್ಣ ತೂಕದ ಯಂತ್ರವಿತ್ತು. ಅನುಮಾನ ಬಂದವರು ಹತ್ತಿ ನೋಡಿ ಸೋತು ಬರುತ್ತಿದ್ದರು. ಚಿಕ್ಕಪ್ಪನ ಅಕ್ಕ, ಅಂದರೆ ಚೀಟಿಯ ಸೋದರತ್ತೆ, ತನ್ನ ತೂಕ ಕೇಳುವುದಕ್ಕಾಗಿಯೇ ಊರಿಂದ ಬರುತ್ತಾಳೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಚೀಟಿ ಕೂಡ ಇದನ್ನು ಕಲಿಯಲು ಹೋಗಿ, ಬ್ಯಾಂಕಿನ ಕೌಂಟರಿನ ಹುಡುಗಿಯ ಮೇಲೆ ಮೊದಲ ಪ್ರಯೋಗ ಮಾಡಿದ. ಆ ಬ್ಯಾಂಕಿಗೆ ಅವನು ಈಗ ಹೋಗುವುದಿಲ್ಲ.

ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ತಡವಾಗಿ ಹುಟ್ಟಿದವಳು. ನಿಂತಲ್ಲಿ ನಿಲ್ಲದವಳಾದ್ದರಿಂದ ಅವಳನ್ನು ಅಳಿಲು ಎನ್ನುತ್ತಿದ್ದರು. ಇನ್ನೂ ಚಿಕ್ಕ ತರಗತಿಯಲ್ಲಿದ್ದಾಗಲೇ ಶಾಲೆಯ ಓಟದ ತಂಡಕ್ಕೆ ಸೇರಿದ್ದಳು. ಬೆಳಿಗ್ಗೆ ಎದ್ದು ಮನೆಯ ಎದುರಿನ ಗೋದಾಮಿನ ಕಾಂಪೌಂಡಿನ ಸುತ್ತ ಓಡುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಹುರಿದುಂಬಿಸುತ್ತಿದ್ದರು. ತೂಕದವರ ಬಾಯಲ್ಲಿ ಬೇರೆ ಯಾವ ಮಾತು ಬಂದೀತು? "ಖಾಲಿ ಗಾಡಿ ಬೇಗ ಓಡುತ್ತೆ ಮಗಳೇ, ಹೊರಡು," ಎನ್ನುತ್ತಿದ್ದರು. ಅವಳ ಬಿಳಿ ಶೂಗಳು ಧೂಳಿನಲ್ಲಿ ಟಪಟಪ ಸದ್ದು ಮಾಡುತ್ತ ಮೂಲೆ ತಿರುಗುತ್ತಿದ್ದವು. ಅದೇ ಹೊತ್ತಿನಲ್ಲಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಚೀಟಿಗೆ ಚಿಕ್ಕಮ್ಮ, ಅವಳನ್ನು ನೋಡಿ ಕಲಿ ಎನ್ನುತ್ತಿದ್ದಳು.

ಆ ವರ್ಷ ಅಳಿಲು ಮೊದಲಿಗಿಂತ ಹೆಚ್ಚು ಓಡತೊಡಗಿದಳು. ಸಂಜೆಯೂ ಓಡಿದಳು. ನೆಗಡಿಯಾಗಿ ಮೂಗು ಸೋರುತ್ತಿದ್ದ ದಿನವೂ ಓಡಿದಳು. ಬೇಡ ಎಂದದ್ದಕ್ಕೆ ಅತ್ತು ರಂಪ ಮಾಡಿದಳು. ಊಟದ ಮೇಜಿಗೆ ಎಲ್ಲರ ಜೊತೆ ಕೂರುವುದು ಕಡಿಮೆಯಾಯಿತು. ಓದುವುದಿದೆ, ಶಾಲೆಯಲ್ಲೇ ತಿಂದೆ, ಆಮೇಲೆ ತಿಂತೀನಿ ಎನ್ನುತ್ತಿದ್ದಳು. ಬಿಸಿಲಿನಲ್ಲೂ ದೊಗಳೆ ಸ್ವೆಟರು. ಇವೆಲ್ಲ ಎಲ್ಲರ ಕಣ್ಣೆದುರೇ ನಡೆದವು. ಒಂದೊಂದನ್ನೂ ಒಬ್ಬೊಬ್ಬರು ಮೆಚ್ಚಿದರು. ಎಂಥ ಶಿಸ್ತು ಎಂದಳು ಚಿಕ್ಕಮ್ಮ. ಎಂಥ ಹಟ ಎಂದರು ಚಿಕ್ಕಪ್ಪ, ಹೆಮ್ಮೆಯಿಂದ. ತಟ್ಟೆಯಲ್ಲಿ ಅವಳು ಬಿಟ್ಟ ಆಲೂಗಡ್ಡೆ ತನ್ನ ಪಾಲಿಗೆ ಬರುತ್ತಿದ್ದುದರಿಂದ ಚೀಟಿಗೂ ದೂರಲು ಕಾರಣ ಕಾಣಲಿಲ್ಲ.

ಮಧ್ಯಾಹ್ನ ಲಾರಿಗಳು ಕಡಿಮೆಯಾದಾಗ ಚೀಟಿ ಫೋನಿನಲ್ಲಿ ಸುದ್ದಿ ಓದಿ ಹೇಳಬೇಕಿತ್ತು. ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಆರೋಗ್ಯದ ಸುದ್ದಿ ಮಾತ್ರ, ಅದೂ ನಗುವುದಕ್ಕೆ. ಹೋದ ವಾರ ಕಾಫಿ ಕುಡಿದವನು ಸತ್ತ, ಈ ವಾರ ಕುಡಿಯದವನು ಸತ್ತ ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಚೀಟಿ ರೇಡಿಯೊದವರ ಗಂಟಲು ಮಾಡಿ ಓದುತ್ತಿದ್ದ. ಅವತ್ತು ಸಿಕ್ಕಿದ್ದು ಮಕ್ಕಳ ವ್ಯಾಯಾಮದ ಸುದ್ದಿ. ಒಳ್ಳೆ ತಮಾಷೆ ಸಿಗುತ್ತದೆಂದು ಅವನು ಕೆಮ್ಮಿ ಶುರುಮಾಡಿದ.

ಆಟ, ಓಟ ಮಕ್ಕಳಿಗೆ ಒಳ್ಳೆಯದೇ, ಹೆದರಬೇಕಿಲ್ಲ ಎಂದೇ ಸುದ್ದಿ ಹೇಳುತ್ತಿತ್ತು. ಆದರೆ ಕೆಲವು ಮಕ್ಕಳಲ್ಲಿ ಓಟ ಆಟವಾಗಿ ಉಳಿಯುವುದಿಲ್ಲ. ಊಟದ ಬಗ್ಗೆ, ಮೈಯ ಬಗ್ಗೆ ಹುಟ್ಟಿದ ಒಂದು ಹೆದರಿಕೆಗೆ ಅದು ಜೊತೆಗಾರನಾಗುತ್ತದೆ. ಓಡದಿದ್ದರೆ ತಳಮಳ, ಉಂಡರೆ ತಪ್ಪಿತಸ್ಥ ಭಾವ. ಅದೊಂದು ಕಾಯಿಲೆ, ಹಟವಲ್ಲ. ಮನೆಯವರು ಅದನ್ನು ಶಿಸ್ತೆಂದು ಮೆಚ್ಚಿಕೊಳ್ಳುವುದರಿಂದ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಬೇಗ ಗೊತ್ತಾದರೆ ಮಗು ಚೇತರಿಸಿಕೊಳ್ಳುವುದೂ ಸುಲಭ. ಹೀಗಿತ್ತು ಬರಹ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚೀಟಿಯ ರೇಡಿಯೊ ಗಂಟಲು ತಾನಾಗಿ ಆರಿಹೋಗಿತ್ತು. ಅವನ ಕಿವಿಗೇ ಆ ಪಟ್ಟಿ ಎಲ್ಲೋ ಕೇಳಿದ ಹಾಗಿತ್ತು.

ತಲೆಯೆತ್ತಿ ನೋಡಿದ. ಹಲಗೆಯ ಮೇಲೆ ಒಂದು ಲಾರಿ ನಿಂತು ಹಾರನ್ನು ಬಾರಿಸುತ್ತಿತ್ತು. ಚಿಕ್ಕಪ್ಪನ ಬೆರಳು ಗುಂಡಿಯ ಮೇಲಿತ್ತು, ಒತ್ತುತ್ತಿರಲಿಲ್ಲ.

"ಇನ್ನೊಂದು ಸಲ ಓದು," ಎಂದರು.

ಅವರ ವೃತ್ತಿಯಲ್ಲಿ ಮರುತೂಕ ಕೇಳಿದವರನ್ನು ಅವರು ಯಾವತ್ತೂ ಕನಿಕರದಿಂದ ನೋಡುತ್ತಿದ್ದರು. ಅವತ್ತು ತಾವೇ ಕೇಳಿದರು. ಚೀಟಿ ಓದಿದ. ಅವರು ಲಾರಿಯನ್ನು ಕಳಿಸಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

ಅಷ್ಟು ಹೊತ್ತಿಗೆ ಗೋದಾಮಿನ ಕಾವಲು ನಾಯಿ, ದೊರೆ ಎಂದು ಅದರ ಹೆಸರು, ಹಲಗೆಯನ್ನು ಅಡ್ಡ ಹಾದು ನೆರಳಿಗೆ ಹೊರಟಿತ್ತು. ಚಿಕ್ಕಪ್ಪ ಅಭ್ಯಾಸಬಲದಿಂದ ಅದರ ಕಡೆ ನೋಡಿದರು. "ದೊರೆ ಏರಿದಾನೆ," ಎಂದರು, ತಮ್ಮಷ್ಟಕ್ಕೆ. ಮತ್ತೆ ನೋಡಿದರು. ದೊರೆ ನಡೆಯುತ್ತಿರಲಿಲ್ಲ, ಓಲಾಡುತ್ತಿದ್ದ. ಪಕ್ಕೆಗಳು ತುಂಬಿ, ಬಾಲ ಸೋಮಾರಿಯಾಗಿ, ದೊರೆ ಎಂಬ ಹೆಸರಿಗೆ ಮೊದಲ ಸಲ ತಕ್ಕವನಾಗಿ ಕಾಣುತ್ತಿದ್ದ. ಗೋದಾಮಿನವರು ಅದಕ್ಕೆ ಹಾಕುವುದು ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು. ಅವರು ಮನುಷ್ಯರಿಗೇ ಹಾಗೆ ಹಾಕುವವರಲ್ಲ.

"ಇದಕ್ಕೆ ಯಾರೋ ಊಟ ಹಾಕ್ತಿದಾರೆ," ಎಂದ ಚಿಕ್ಕಪ್ಪ, ಹಾಗೆಂದ ಬಾಯನ್ನು ಮುಚ್ಚಲಿಲ್ಲ.

ಅಳಿಲು ಶಾಲೆಯಿಂದ ಬರುವ ದಾರಿ ಗೋದಾಮಿನ ಹಿಂದಿನ ನಲ್ಲಿಯ ಪಕ್ಕದಿಂದ. ಚಿಕ್ಕಪ್ಪ ಎದ್ದು ಹೊರಟರು. ಕೆಲಸದ ಹೊತ್ತಿನಲ್ಲಿ ಅವರು ಕುರ್ಚಿ ಬಿಟ್ಟದ್ದನ್ನು ಚೀಟಿ ನೋಡಿದ್ದೇ ಇಲ್ಲ. ತಾನೂ ಹಿಂದೆ ಹೋಗಬೇಕೋ ಇಲ್ಲಿ ಕೂರಬೇಕೋ ತಿಳಿಯದೆ ಬಾಗಿಲಿಗೂ ಕುರ್ಚಿಗೂ ನಡುವೆ ನಿಂತ. ಹಿಂದಿನ ಕಿಟಕಿಯಿಂದ ನಲ್ಲಿ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಅಳಿಲು ಇಟ್ಟಿಗೆಯ ರಾಶಿಯ ಮೇಲೆ ಕೂತು ಊಟದ ಡಬ್ಬಿಯನ್ನು ಬಗ್ಗಿಸಿ ಹಿಡಿದಿದ್ದಳು. ದೊರೆ ತಲೆ ಒಳಗೆ ಹಾಕಿದ್ದ. ಅಪ್ಪನನ್ನು ಕಂಡು ಅವಳು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು. ದೊರೆಗೆ ಮಾತ್ರ ಏನೂ ಮುಜುಗರವಾಗಲಿಲ್ಲ.

ಚಿಕ್ಕಪ್ಪ ಬೈಯಲಿಲ್ಲ. ಪಕ್ಕದ ಇಟ್ಟಿಗೆಯ ಮೇಲೆ ಕೂತು, ದಿನಾ ಹಾಕ್ತೀಯಾ ಎಂದು ಕೇಳಿದರು. ಅದಕ್ಕೆ ಹಸಿವಾಗುತ್ತೆ ಎಂದಳು.

"ನಿನಗೆ?"

ಅಳಿಲು ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನು ನೋಡಿದಳು. ಆಮೇಲೆ, "ಖಾಲಿ ಗಾಡಿ ಬೇಗ ಓಡುತ್ತೆ ಅಂತ ನೀನೇ ತಾನೆ ಹೇಳಿದ್ದು," ಎಂದಳು.

ಅವಳ ಮಾತಿನಲ್ಲಿ ಆಪಾದನೆ ಇರಲಿಲ್ಲ. ಶಾಲೆಯಲ್ಲಿ ಕಲಿತ ಪಾಠವನ್ನು ಒಪ್ಪಿಸಿದಂತಿತ್ತು. ಸುತ್ತಲಿನ ಜಗತ್ತಿಗೆಲ್ಲ ಅಂಕಿ ಹೇಳಿದ ಮನುಷ್ಯ, ದೀಪದ ಬುಡದಲ್ಲೇ ಕತ್ತಲು ಎನ್ನುವ ಹಾಗೆ, ದೊಗಳೆ ಸ್ವೆಟರಿನೊಳಗೆ ಏನಾಗುತ್ತಿದೆ ಎಂದು ಕಾಣದೇ ಹೋಗಿದ್ದರು. ನಾಯಿಯ ಏರಿಕೆ ಕಂಡಿತ್ತು, ಮಗಳ ಇಳಿಕೆ ಕಂಡಿರಲಿಲ್ಲ. ಈಗ ನೋಡಿದರು. ಸ್ವೆಟರಿನ ತೋಳಿನಿಂದ ಹೊರಬಂದ ಮಣಿಕಟ್ಟನ್ನು ನೋಡಿದರು. ಅವರ ಮನಸ್ಸಿನಲ್ಲಿ ಅಂಕಿ ಬಂದಿತ್ತು ಎಂಬುದು ಚೀಟಿಗೆ ಅವರ ಬೆನ್ನಿನಿಂದಲೇ ಗೊತ್ತಾಯಿತು. ಅವರು ಅದನ್ನು ಹೇಳಲಿಲ್ಲ. ಅವರಿಗೆ ಗೊತ್ತಿದ್ದ ಅಂಕಿಯನ್ನು ನುಂಗಿಕೊಂಡದ್ದು ಅದೇ ಮೊದಲು.

ಅತ್ತ ಇನ್ನೊಂದು ಲಾರಿ ಹಾರನ್ನು ಹೊಡೆಯುತ್ತಿತ್ತು. ಚೀಟಿ ಓಡಿ ಹೋಗಿ, ಕಲಿತ ಹಾಗೆ ಗುಂಡಿ ಒತ್ತಿ, ಒಬ್ಬನೇ ತೂಕ ಮಾಡಿ ಚೀಟಿ ಹರಿದ. ಅದು ಅಡ್ಡಾದಿಡ್ಡಿ ಹರಿಯಿತು. ಡ್ರೈವರ್ ಅದನ್ನು ಎತ್ತಿ ಹಿಡಿದು, ಇದೇನು ಇಲಿ ಕಡಿದಿದ್ದಾ ಎಂದು ಕೇಳಿ ಹೋದ.

ಆ ಸಂಜೆ ಮನೆಯಲ್ಲಿ ದೊಡ್ಡ ವಾದ ನಡೆಯಿತು. ಚಿಕ್ಕಮ್ಮನಿಗೆ ಮೊದಲು ಬಂದದ್ದು ಸಿಟ್ಟು, ಅದೂ ಚೀಟಿಯ ಮೇಲೆ. ಕೆಲಸವಿಲ್ಲದವರು ಬರೆದದ್ದನ್ನು ಕೆಲಸವಿಲ್ಲದವನು ಓದಿ ಮನೆಗೆ ಕಾಯಿಲೆ ತಂದ ಎಂದಳು. ಓಡೋದು ತಪ್ಪಾದರೆ ಕೂರೋದು ಸರೀನಾ, ಹಾಗಾದರೆ ಇವನನ್ನು ಆಸ್ಪತ್ರೆಗೆ ಸೇರಿಸಿ ಎಂದಳು. ಊಟದ ಡಬ್ಬಿಯ ಸಂಗತಿ ಕೇಳಿದ ಮೇಲೆ ಸಿಟ್ಟು ಒಮ್ಮೆಲೇ ಇಳಿದು, ಬೆಳಿಗ್ಗೆ ಎದ್ದು ತಾನು ತುಂಬಿಸಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ನಾನು ಅದನ್ನು ದಿನಾ ಖಾಲಿಯಾಗಿ ತೊಳೆದಿದ್ದೀನಲ್ಲ ಎಂದಳು. ಖಾಲಿ ಡಬ್ಬಿ ಕಂಡು ಖುಷಿಪಟ್ಟದ್ದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು. ಅಳಿಲು ಕೋಣೆಯ ಬಾಗಿಲು ಹಾಕಿಕೊಂಡು, ನನಗೇನೂ ಆಗಿಲ್ಲ, ನಾನು ಎಲ್ಲಿಗೂ ಬರಲ್ಲ ಎಂದು ಒಳಗಿಂದಲೇ ಹೇಳಿದಳು.

ಕೊನೆಗೆ ಅವಳನ್ನು ಆಸ್ಪತ್ರೆಗೆ ಹೊರಡಿಸಿದ್ದು ಚೀಟಿಯ ಹೇಡಿತನ. ತನಗೂ ರಕ್ತ ಪರೀಕ್ಷೆ ಮಾಡಿಸುವುದಿದೆ, ಸೂಜಿ ಎಂದರೆ ಜೀವ ಬಾಯಿಗೆ ಬರುತ್ತದೆ, ನೀನು ಜೊತೆಗಿದ್ದರೆ ಧೈರ್ಯ ಎಂದು ಬಾಗಿಲಿನ ಸಂದಿಯಲ್ಲಿ ಬೇಡಿಕೊಂಡ. ಅರ್ಧ ಸುಳ್ಳು, ಅರ್ಧ ನಿಜ. ನಿಜದ ಅರ್ಧ ಆಸ್ಪತ್ರೆಯಲ್ಲಿ ಬಯಲಾಯಿತು: ನರ್ಸು ಇನ್ನೂ ಹತ್ತಿಯನ್ನು ಹುಡುಕುತ್ತಿದ್ದಾಗಲೇ ಅವನು ಗೋಡೆಗುಂಟ ಜಾರಿ ನೆಲಕ್ಕೆ ಬಂದಿದ್ದ. ಕಣ್ಣು ಬಿಟ್ಟಾಗ ಅಳಿಲು ಮೇಲಿಂದ ನೋಡುತ್ತ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು ಎಂದು ಅವನಿಗೆ ಆಗಲೇ ಹೊಳೆದದ್ದು. ನೆಲ ತಣ್ಣಗಿತ್ತು; ಇನ್ನಷ್ಟು ಹೊತ್ತು ಮಲಗಿರಬಹುದು ಎನ್ನಿಸಿತು.

ಮಕ್ಕಳ ಡಾಕ್ಟರು ಮಾತು ಕಡಿಮೆ, ಕಿವಿ ಜಾಸ್ತಿ ಇದ್ದ ಹೆಂಗಸು. ಅಳಿಲು ಒಬ್ಬಳ ಜೊತೆಯೇ ಬಹಳ ಹೊತ್ತು ಮಾತಾಡಿದರು. ಆಮೇಲೆ ಅವಳನ್ನು ತೂಕದ ಯಂತ್ರದ ಮೇಲೆ ಅಂಕಿಗೆ ಬೆನ್ನು ಮಾಡಿ ನಿಲ್ಲಿಸಿ, ಅದನ್ನು ತಾವೊಬ್ಬರೇ ನೋಡಿ, ಇಳಿ ಎಂದರು. ಬಾಗಿಲ ಬಳಿ ನಿಂತ ಚಿಕ್ಕಪ್ಪನಿಗೆ ಇದು ನಂಬಲಾಗದ ಸಂಗತಿ. ತೂಕ ಮಾಡಿ ಚೀಟಿ ಕೊಡದ ತೂಕದವರನ್ನು ಅವರು ಕಂಡೇ ಇರಲಿಲ್ಲ.

"ಎಷ್ಟು ಅಂತ ಹೇಳಲಿಲ್ಲವಲ್ಲ?" ಎಂದರು.

"ಅದು ನನಗೆ ಬೇಕಾದದ್ದು. ಅವಳಿಗೂ ಬೇಡ, ನಿಮಗೂ ಬೇಡ," ಎಂದರು ಡಾಕ್ಟರು.

ಆಮೇಲೆ ಎಲ್ಲರನ್ನೂ ಕೂರಿಸಿ ವಿವರಿಸಿದರು. ಕಾಯಿಲೆ ಶುರುವಾಗಿದೆ, ಬೇರು ಇಳಿದಿಲ್ಲ. ಬೇಗ ಬಂದಿದ್ದೀರಿ. ಈ ಎರಡು ಮಾತು ಕೇಳಿ ಚಿಕ್ಕಮ್ಮ ಸೆರಗಲ್ಲಿ ಮುಖ ಒತ್ತಿಕೊಂಡಳು. ಓಟಕ್ಕೆ ಸದ್ಯ ರಜೆ, ಶಿಕ್ಷೆಯಲ್ಲ, ರಜೆ. ಮೂರು ಹೊತ್ತೂ ಯಾರಾದರೂ ಅವಳ ಜೊತೆ ಕೂತು ಉಣ್ಣಬೇಕು, ಮಧ್ಯೆ ತಿನ್ನುವಾಗಲೂ. ಬಲವಂತ, ಬೈಗುಳ, ಹೊಗಳಿಕೆ ಯಾವುದೂ ಬೇಡ. ವಾರಕ್ಕೊಮ್ಮೆ ಬಂದು ಇಲ್ಲಿನ ಆಪ್ತಸಲಹೆಗಾರರ ಜೊತೆ ಮಾತಾಡಬೇಕು. ಇದು ಯಾರೋ ಒಬ್ಬರ ತಪ್ಪಿನಿಂದ ಬರುವ ಕಾಯಿಲೆಯಲ್ಲ, ತಪ್ಪು ಹುಡುಕುತ್ತ ಕೂರಬೇಡಿ ಎಂದೂ ಹೇಳಿದರು. ಕೊನೆಗೆ, ಮನೆಯಲ್ಲಿ ಯಾರ ತೂಕದ ಮಾತೂ ಬೇಡ, ನಿಮ್ಮಲ್ಲಿ ಆ ಮಾತು ಯಾರು ಆಡ್ತಾರೆ ಎಂದು ಕೇಳಿದರು.

ಯಾರೂ ಯಾರನ್ನೂ ನೋಡಲಿಲ್ಲ. ಚಿಕ್ಕಪ್ಪ ಶಾಲೆಯ ಹುಡುಗನಂತೆ ಮೆಲ್ಲಗೆ ಕೈ ಎತ್ತಿದರು.

ಬಚ್ಚಲಿನ ಪಕ್ಕದ ಯಂತ್ರ ಅದೇ ದಿನ ಗೋದಾಮಿನ ಅಟ್ಟ ಸೇರಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಮನೆಯವರು ಎರಡನ್ನೂ ಹೊಸದಾಗಿ ಕಲಿಯಬೇಕಾಯಿತು. ಊಟದ ಪಾಠ ಕಷ್ಟದ್ದು. ಕೆಲವು ದಿನ ಅಳಿಲು ತಟ್ಟೆಯ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಚಿಕ್ಕಮ್ಮ ಎದ್ದು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಜೋಡಿಸುತ್ತಿದ್ದಳು. ಅಂಥ ಹೊತ್ತಿನಲ್ಲಿ ಜೊತೆಗೆ ಕೂತು ಏನಾದರೂ ಹರಟುವುದು ಚೀಟಿಯ ಪಾಲಿಗೆ ಬಂತು. ಅವನಿಗೆ ಗೊತ್ತಿದ್ದದ್ದು ತನ್ನ ಮಾನ ಹೋದ ಕತೆಗಳು ಮಾತ್ರ; ಅವು ಬೇಕಾದಷ್ಟಿದ್ದವು. ಬ್ಯಾಂಕಿನದು, ಉಸಿರಿನದು, ಸಂದರ್ಶನಕ್ಕೆ ಎರಡು ಬೇರೆ ಬೇರೆ ಬೂಟು ಹಾಕಿಕೊಂಡು ಹೋದದ್ದು. ಜೊತೆಗೆ ಕೂತು ಉಣ್ಣು ಎಂದದ್ದನ್ನು ಮನಸಾರೆ ಪಾಲಿಸಿದ್ದರಿಂದ ಅವನ ಪ್ಯಾಂಟಿನ ಗುಂಡಿ ಒಂದು ದಿನ ಪಟ್ಟೆಂದು ಹಾರಿ ನೀರಿನ ಲೋಟದೊಳಗೆ ಬಿತ್ತು. ಇಡೀ ಮೇಜು ಅದನ್ನು ನೋಡಿತು. ಮನೆಯ ಹೊಸ ಕಾನೂನಿನ ಪ್ರಕಾರ ಯಾರೂ ಏನೂ ಅನ್ನುವಂತಿರಲಿಲ್ಲ. ಅಳಿಲು ಚಮಚದಿಂದ ಗುಂಡಿಯನ್ನು ತೆಗೆದು, ಒರೆಸಿ, ಗಂಭೀರವಾಗಿ ಅವನ ಕೈಗೆ ಕೊಟ್ಟಳು. ಆಮೇಲೆ ಎಲ್ಲರೂ ನಕ್ಕರು.

ಮಾತಿನ ಪಾಠ ಚಿಕ್ಕಪ್ಪನಿಗೆ ಇನ್ನೂ ಕಷ್ಟವಾಯಿತು. ಬಾಗಿಲಲ್ಲಿ ಯಾರನ್ನೇ ಕಂಡರೂ ತುಟಿ ತಾನಾಗಿ ಅಂಕಿಗೆ ಸಿದ್ಧವಾಗುತ್ತಿತ್ತು. ಅದನ್ನು ನುಂಗಿ, ಬದಲಿಗೆ ಏನು ಹೇಳಬೇಕೆಂದು ತಿಳಿಯದೆ, ಕಣ್ಣು ಮೊದಲು ಬೀಳುವ ಜಾಗದಲ್ಲೇ ನಿಲ್ಲಿಸಿ, ಚಪ್ಪಲಿ ಚೆನ್ನಾಗಿದೆ ಎನ್ನುತ್ತಿದ್ದರು. ಹಾಲಿನವನಿಗೂ ಚಪ್ಪಲಿ ಚೆನ್ನಾಗಿದೆ, ಮೀಟರು ಓದುವವನಿಗೂ ಚಪ್ಪಲಿ ಚೆನ್ನಾಗಿದೆ. ಬರಿಗಾಲಲ್ಲಿ ಬಂದ ಪಕ್ಕದ ಮನೆಯ ಮಗುವಿಗೂ ಅದನ್ನೇ ಹೇಳಿದಾಗ, ಅದು ತನ್ನ ಕಾಲು ನೋಡಿಕೊಂಡು ಅಳತೊಡಗಿತು. ಕ್ಯಾಬಿನ್ನಿನಲ್ಲಿ ಮಾತ್ರ ಅವರ ಬಾಯಿಗೆ ಬಿಡುಗಡೆ. ಅಲ್ಲಿ ಲಾರಿಗಳಿಗೆ ದಿನವಿಡೀ ಅಂಕಿ ಹೇಳಿ, ಹೊಟ್ಟೆ ಖಾಲಿ ಮಾಡಿಕೊಂಡು, ಸಂಜೆ ಮನೆಗೆ ಬರುತ್ತಿದ್ದರು.

ಒಳ್ಳೆಯ ಸುದ್ದಿಯನ್ನು ಮೊದಲು ತಂದದ್ದು ದೊರೆ. ಒಂದು ಮಧ್ಯಾಹ್ನ ಅದು ಹಲಗೆಯನ್ನು ಹಾದು ಹೋಗುತ್ತಿದ್ದಾಗ ಚಿಕ್ಕಪ್ಪ ಚೀಟಿಯ ಮೊಣಕೈ ತಿವಿದು ತೋರಿಸಿದರು. ದೊರೆಯ ಪಕ್ಕೆಗಳು ಮತ್ತೆ ಕಾಣುತ್ತಿದ್ದವು. ರಾಜ್ಯ ಕಳೆದುಕೊಂಡವನ ಮುಖ ಮಾಡಿಕೊಂಡು, ನಲ್ಲಿಯ ಕಡೆ ಒಮ್ಮೆ ಹೋಗಿ, ಮೂಸಿ, ವಾಪಸು ಬಂದು, ಗೋದಾಮಿನವರ ಒಣ ರೊಟ್ಟಿಯ ಚೂರನ್ನೇ ಮುಖ ಸಿಂಡರಿಸಿ ತಿನ್ನುತ್ತಿತ್ತು. ಚಿಕ್ಕಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಎದೆಯ ಮೇಲಿನ ಕಲ್ಲನ್ನು ಯಾರೋ ಇಳಿಸಿದಂತೆ ಒಂದು ಉದ್ದನೆಯ ಉಸಿರು ಬಿಟ್ಟರು. ಆ ಸಂಜೆ ದೊರೆಗೆ ಒಂದು ಬೇಯಿಸಿದ ಮೊಟ್ಟೆ, ಚಿಕ್ಕಪ್ಪನ ಸ್ವಂತ ಜೇಬಿನಿಂದ.

ಆಮೇಲೆ ಒಂದೊಂದಾಗಿ ಬಂದವು. ಸ್ವೆಟರು ಬಿಸಿಲಿದ್ದ ದಿನ ಮೊಳೆಯ ಮೇಲೇ ಉಳಿಯಿತು. ಅಳಿಲು ಊಟದ ನಡುವೆ ಶಾಲೆಯ ಜಗಳ ಹೇಳತೊಡಗಿದಳು; ಬಾಯಿ ತುಂಬ ಇಟ್ಟುಕೊಂಡು ಮಾತಾಡಬೇಡ ಎಂದು ಚಿಕ್ಕಮ್ಮ ಗದರಿ, ಗದರಿದ್ದಕ್ಕೆ ತಾನೇ ಖುಷಿಪಟ್ಟಳು. ಕೆಟ್ಟ ದಿನಗಳು ಪೂರ್ತಿ ನಿಲ್ಲಲಿಲ್ಲ, ಮತ್ತೆ ಬರಬಹುದು ಎಂದು ಡಾಕ್ಟರೂ ಹೇಳಿದ್ದರು. ಆದರೆ ಬಂದರೆ ಏನು ಮಾಡಬೇಕೆಂದು ಈಗ ಗೊತ್ತಿತ್ತು. ಶಾಲೆಯ ವರ್ಷ ಮುಗಿಯುವ ಹೊತ್ತಿಗೆ ಓಟದ ರಜೆ ಮುಗಿಯಿತು. ಒಬ್ಬಳೇ ಅಲ್ಲ, ಗೆಳತಿಯರ ಜೊತೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಓಡಬೇಕು, ಸುಸ್ತಾದರೆ ನಿಲ್ಲಬೇಕು ಎಂದಿದ್ದರು ಡಾಕ್ಟರು. ಮೊದಲ ದಿನ ಚಿಕ್ಕಪ್ಪ ಬಾಗಿಲಲ್ಲಿ ನಿಂತರು. ಹಳೆಯ ಮಾತು ನಾಲಿಗೆಯ ತುದಿಗೆ ಬಂದದ್ದು ಎಲ್ಲರಿಗೂ ಕಂಡಿತು. "ಶೂ ಚೆನ್ನಾಗಿದೆ," ಎಂದರು.

ಹೀಗಿರುವಾಗ ಒಂದು ಭಾನುವಾರ ಅತ್ತೆ ಊರಿಂದ ಬಂದಳು. ಎಲ್ಲ ತಿಳಿದೇ ಬಂದಿದ್ದಳು. ಫೋನಿನಲ್ಲಿ ಚಿಕ್ಕಮ್ಮ ಎಚ್ಚರಿಕೆ ಕೊಟ್ಟಿದ್ದಳು. ಆದರೂ ಬಾಗಿಲಲ್ಲಿ ನಿಂತಕೂಡಲೇ ಹಳೆಯ ಚಟಕ್ಕೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ತಮ್ಮನ ಮುಖ ನೋಡಿದಳು. ಚಿಕ್ಕಪ್ಪ ಅವಳ ಪಾದಗಳನ್ನು ನೋಡಿದರು.

"ಚಪ್ಪಲಿ..." ಎಂದು ಶುರುಮಾಡಿದರು.

"ಹಳೇದು ಕಣೋ. ಮೂರು ಸಲ ಹೊಲಿಸಿದೀನಿ," ಎಂದು ಅತ್ತೆ ಬೇಸರದಿಂದ ಒಳಗೆ ಬಂದಳು.

ಎಲ್ಲರೂ ಮೇಜಿನ ಸುತ್ತ ಕೂತರು. ನಡುವೆ ಬಿಸಿ ಆಲೂಗಡ್ಡೆಯ ಬಟ್ಟಲು. ಅಳಿಲು ತನಗೆ ಬಡಿಸಿಕೊಂಡು, ಒಂದು ತುತ್ತು ತಿಂದು, ಯಾವುದೋ ಲೆಕ್ಕ ಸಿಗದವಳ ಹಾಗೆ ಅಪ್ಪನನ್ನೇ ನೋಡುತ್ತ ಕೂತಳು. ಆಮೇಲೆ ಚಮಚ ಕೆಳಗಿಟ್ಟಳು.

"ಅಪ್ಪ, ನೀನು ಯಾರಿಗೂ ಹೇಳಲ್ಲ ಸರಿ. ಆದ್ರೆ ನಿನಗೆ ಕಾಣುತ್ತಲ್ವಾ? ನಾನೀಗ ಎಷ್ಟಿದೀನಿ ಅಂತ ನಿನಗೆ ಗೊತ್ತು ತಾನೆ?"

ಚಿಕ್ಕಮ್ಮನ ಕೈ ಸೌಟಿನ ಮೇಲೇ ನಿಂತಿತು. ಅತ್ತೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಚಿಕ್ಕಪ್ಪ ಇಲ್ಲ ಎಂದರೆ ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಅಳಿಲಿಗೆ. ಹೌದು ಎಂದು ಅಂಕಿ ಹೇಳಿದರೆ ಇಷ್ಟು ದಿನ ಕಟ್ಟಿದ್ದು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಚೀಟಿ ಕಲ್ಲಿನಂತೆ ಕೂತಿದ್ದ. ಕೆಲಸಕ್ಕೆ ಸೇರಿದ ಮೊದಲ ವಾರದ ಹಾಗೆ ಉಸಿರು ಬಿಗಿಹಿಡಿದಿದ್ದೇನೆ ಎಂಬುದು ಅವನಿಗೆ ಎದೆ ನೋಯತೊಡಗಿದ ಮೇಲೇ ಗೊತ್ತಾಯಿತು.

ಚಿಕ್ಕಪ್ಪ ಮಗಳನ್ನು ನೋಡಿದರು. ಈ ಸಲ ಪಾದದಿಂದ ಶುರುಮಾಡಲಿಲ್ಲ, ಮುಖವನ್ನೇ ನೋಡಿದರು.

"ಗೊತ್ತು. ಹೇಳಲ್ಲ. ಆ ಆಲೂಗಡ್ಡೆ ಈ ಕಡೆ ತಳ್ಳು."